ಫೋಟೋ ಇಲ್ಲದ ವಧು

"ಇವಳು ಸತ್ತವಳಾ, ಬದುಕಿದ್ದವಳಾ? ಒಂದೇ ಮಾತು ಹೇಳು!"

ಮುದ್ದಣ್ಣನ ಕೈಯಲ್ಲಿ ದೋಣಿಯನ್ನು ದಡಕ್ಕೆ ಎಳೆಯುವ ಕೊಕ್ಕೆ ಇತ್ತು. ಉದ್ದದ ಕೋಲು, ತುದಿಗೆ ಕಬ್ಬಿಣ. ಆ ಕಬ್ಬಿಣ ನನ್ನ ಗಂಟಲಿಗೆ ತಾಗುತ್ತಿತ್ತು.

ಎದುರಿಗೆ ಅವನ ಮೀನಿನ ಪಿಕಪ್, ಹೆಡ್‌ಲೈಟ್ ಉರಿಯುತ್ತಿದೆ. ಹಿಂದೆ ಒಂದು ಬಂಗಲೆಯ ಗೇಟು. ಗಲ್ಫಿನಲ್ಲಿರುವವರ ಮನೆ... ಗೇಟಿಗೆ ಬೀಗ! ಗೇಟಿಗೂ ನನಗೂ ನಡುವೆ ಮೋಕ್ಷಾ. ಅವಳ ಹಲ್ಲು ಕಟಕಟ ಎನ್ನುವುದು ಆ ಮಳೆಯಲ್ಲೂ ನನಗೆ ಕೇಳುತ್ತಿತ್ತು.

"ಹೇಳು ಮಾರಾಯ!"

ತಡೆಯಿರಿ ಸಾರ್. ನೀವು ಕೇಳಿದ್ದು ನಿಮ್ಮ ಟೈಲ್ಸ್ ಅಂಗಡಿಯ ವೆಬ್‌ಸೈಟ್ ಚೆಂದ ಮಾಡುವುದು ಹೇಗೆ ಅಂತ, ಅಲ್ವಾ? ಅದನ್ನೇ ಹೇಳುತ್ತಿದ್ದೇನೆ. ಕುಳಿತುಕೊಳ್ಳಿ.

ನನ್ನ ಹೆಸರು ಸ್ಯಾಮ್ಸನ್. ಮೊದಲು ಇದೇ ಮಣಿಪಾಲದ ಬಾರ್ ಒಂದರಲ್ಲಿ ಬೌನ್ಸರ್ ಆಗಿದ್ದೆ. ಮೂಗು ಮುರಿದ ಮೇಲೆ ಕಂಪ್ಯೂಟರ್ ಕಲಿತೆ. ಈಗ ಕೆಟ್ಟ ವೆಬ್‌ಸೈಟ್ ರಿಪೇರಿ ಮಾಡುತ್ತೇನೆ. ಕೆಲಸ ಅದೇ... ಬೇಡದ್ದನ್ನು ಕತ್ತಿನ ಪಟ್ಟಿ ಹಿಡಿದು ಹೊರಗೆ ಹಾಕುವುದು!

ಆ ದಿನ ಬೆಳಿಗ್ಗೆ ನಾನಿದ್ದದ್ದು ಉಡುಪಿಯಲ್ಲಿ, ಮನೋರಮಕ್ಕನ ವಧೂವರ ಕೇಂದ್ರದಲ್ಲಿ. ಅವರಿಗೆ ಅರವತ್ತು ದಾಟಿದೆ. ಅರ್ಧ ಜಿಲ್ಲೆಗೆ ಮದುವೆ ಮಾಡಿಸಿದವರು. ಆದರೆ ಸೈಟಿನಿಂದ ಒಂದು ಫೋನೂ ಬರುವುದಿಲ್ಲ ಎಂದು ಗೋಳು.

ಸೈಟ್ ತೆರೆದೆ. ಕಿವಿ ಹರಿಯುವ ಹಾಗೆ ಶಹನಾಯಿ ಶುರುವಾಯಿತು. ಕೆಂಪಿನ ಮೇಲೆ ಚಿನ್ನದ ಬಣ್ಣದ ಅಕ್ಷರ... ಒಂದನ್ನೂ ಓದಲಿಕ್ಕೆ ಆಗುವುದಿಲ್ಲ. ಮೇಲೆ ದೊಡ್ಡ ದೊಡ್ಡ ಫೋಟೋಗಳು ಒಂದರ ಹಿಂದೆ ಒಂದು ಓಡುತ್ತಿವೆ.

"ಜನ ಇಲ್ಲಿಗೆ ಎಂತಕ್ಕೆ ಬರುತ್ತಾರೆ ಅಕ್ಕ?"

"ಎಂತ ಪ್ರಶ್ನೆ? ಮದುವೆಗೆ."

"ಅಲ್ಲ. ನಿಮಗೆ ಫೋನ್ ಮಾಡಲಿಕ್ಕೆ. ನಂಬರ್ ಎಲ್ಲಿ ಉಂಟು?"

ಅವರು ಕನ್ನಡಕ ಏರಿಸಿ ಹುಡುಕಿದರು. ತಮ್ಮ ನಂಬರು ತಮಗೇ ಸಿಗಲಿಲ್ಲ! ಎಲ್ಲಕ್ಕಿಂತ ಕೆಳಗೆ, ಇರುವೆ ಗಾತ್ರದಲ್ಲಿ ಇತ್ತು.

ಫಾರ್ಮ್ ನೋಡಿದೆ. ಹೆಸರು ಕೇಳುವ ಮೊದಲೇ ಸೋದರಮಾವನ ಉದ್ಯೋಗ ಕೇಳುತ್ತದೆ. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ... ಆ ಫಾರ್ಮ್ ತುಂಬಿದವನಿಗೆ ಎರಡೂ ಗ್ಯಾರಂಟಿ.

ಕತ್ತರಿ ಹಿಡಿದೆ. ಶಹನಾಯಿ ಔಟ್! ಓಡುವ ಫೋಟೋ ಔಟ್! ಫೋನ್ ನಂಬರ್ ಮೇಲೆ, ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದು. ಫಾರ್ಮಿನಲ್ಲಿ ಹೆಸರು, ಊರು, ಫೋನ್ ಮಾತ್ರ. ಉಳಿದದ್ದನ್ನು ಅಕ್ಕ ಬಾಯಿಯಲ್ಲಿ ಕೇಳಿಕೊಳ್ಳಲಿ. ಬರೆದುಕೊಳ್ಳಿ ಸಾರ್, ನಿಮ್ಮ ಟೈಲ್ಸಿಗೂ ಇದೇ ಮದ್ದು.

ಆಗ ಅಕ್ಕನಿಗೆ ಫೋನ್ ಬಂತು, ಸ್ಪೀಕರಿನಲ್ಲಿ ಹಾಕಿದರು. ಹೆಣ್ಣಿನ ಧ್ವನಿ.

"ನಿಮ್ಮ ವೆಬ್‌ಸೈಟಿನಲ್ಲಿ ನನ್ನ ಫೋಟೋ ಉಂಟು. ಕೆಳಗೆ ಚೈತಾಲಿ, ಕಾಪು ಅಂತ ಬರೆದಿದ್ದೀರಿ. ನಾನು ಮೋಕ್ಷಾ. ಕಾರ್ಕಳದವಳು. ನನಗೆ ಮದುವೆ ಆಗಿದೆ ಅಂತ ಹಾಕಿದ್ದೀರಿ! ಯಾರು ಈ ಶ್ರವಣ್?"

ಮನೋರಮಕ್ಕನ ಮುಖ ಬಿಳುಚಿತು. ಕುರ್ಚಿ ಹಿಡಿದುಕೊಂಡು ಕೂತರು.

"ಅದು... ಕುಲೆಗಳ ಮದುವೆ, ಸ್ಯಾಮ್ಸನ್."

ನಾನು ಕ್ರಿಶ್ಚಿಯನ್. ಆದರೂ ಇದೇ ಮಣ್ಣಿನವನು, ನನಗೂ ಗೊತ್ತು. ಮದುವೆಯಾಗದೆ ಸತ್ತವರು ಕುಲೆಗಳಾಗಿ ಮನೆಯ ಸುತ್ತ ಅಲೆಯುತ್ತಾರಂತೆ. ಬದುಕಿದ್ದರೆ ಮದುವೆಯ ಪ್ರಾಯ ಆಗುತ್ತಿತ್ತು ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಹಾಗೇ ಸತ್ತ ಇನ್ನೊಬ್ಬರನ್ನು ಹುಡುಕಿ, ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಧಾರೆ ಎರೆದು ಕೊಡುತ್ತಾರೆ. ಸೀರೆ, ಕರಿಮಣಿ, ಊಟ... ಎಲ್ಲ ಉಂಟು. ಗಂಡು ಹೆಣ್ಣು ಮಾತ್ರ ಇರುವುದಿಲ್ಲ.

"ಚೈತಾಲಿ ಹುಟ್ಟಿ ವಾರದೊಳಗೆ ಹೋದ ಮಗು. ತಾಯಿ ಅಕ್ಕು ಕಾಪುವಿನವಳು. ಬಂದು ನನ್ನ ಕಾಲು ಹಿಡಿದಳು. ಸೈಟಿನಲ್ಲಿ ಹಾಕಿದೆ. ಮಲ್ಪೆಯ ಮುದ್ದಣ್ಣನ ತಮ್ಮ ಶ್ರವಣ್ ಕಡಲಿನಲ್ಲಿ ಹೋದವನು. ಜಾತಕ ಕೂಡಿಬಂತು. ಹೋದ ಆಟಿಯಲ್ಲಿ ಮದುವೆ ಆಯಿತು."

"ಫೋಟೋ?"

"ನಾನು ಹಾಕಿಲ್ಲ! ಅದು ತಾನಾಗಿ ಬಂತು!"

ನನ್ನ ಮೈಯ ರೋಮ ಎದ್ದು ನಿಂತಿತು. ಸುಳ್ಳು ಯಾಕೆ ಹೇಳಲಿ?

ಆದರೆ ದೆವ್ವಕ್ಕೂ ಕೋಡ್ ಬೇಕಲ್ಲ! ಸೈಟಿನ ಹೊಟ್ಟೆ ಬಗೆದು ನೋಡಿದೆ. ಹಿಂದಿನ ಡಿಸೈನರ್ ಪುಣ್ಯಾತ್ಮ ಕಾರ್ಕಳದ ಸ್ಟುಡಿಯೋವೊಂದರ ಸ್ಯಾಂಪಲ್ ಆಲ್ಬಮ್ಮಿನಿಂದ ಒಂದು ಮುಖ ಎತ್ತಿದ್ದ. ಯಾವ ವಧು ಫೋಟೋ ಕೊಡುವುದಿಲ್ಲವೋ ಅವಳ ಜಾಗದಲ್ಲಿ ಆ ಮುಖ ಬರುವ ಹಾಗೆ ಮಾಡಿಟ್ಟಿದ್ದ. ಅದು ಮೋಕ್ಷಾಳ ಮುಖ. ಬದುಕಿರುವ ಎಲ್ಲರೂ ಫೋಟೋ ಕೊಟ್ಟಿದ್ದರು. ಕೊಡದೆ ಇದ್ದವಳು ಒಬ್ಬಳೇ.

"ಈಗಲೇ ತೆಗೆಯುತ್ತೇನೆ" ಎಂದೆ.

ಮನೋರಮಕ್ಕ ನನ್ನ ಕೈ ಹಿಡಿದರು. "ಬೇಡ! ಮೊದಲು ಆ ತಾಯಿಗೆ ಒಂದು ಮಾತು ಹೇಳಿ."

ಮೋಕ್ಷಾಳನ್ನು ಮಣಿಪಾಲದಲ್ಲಿ ಭೇಟಿಯಾದೆ. ಫಿಸಿಯೋಥೆರಪಿಸ್ಟ್. ಚುರುಕಿನ ಹುಡುಗಿ, ಆದರೆ ಕಣ್ಣಿನಲ್ಲಿ ನಿದ್ದೆ ಇಲ್ಲ.

"ಹೋದ ವಾರ ಒಬ್ಬರು ಅಜ್ಜಿ ಮೊಣಗಂಟು ನೋವು ಅಂತ ಬಂದರು, ಸರ್. ಕಾಲು ಮುಟ್ಟಿದೆ. ನನ್ನ ಮುಖ ನೋಡಿದವರೇ 'ಸೊಸೇ' ಅಂತ ಕಿರುಚಿ ಎಚ್ಚರ ತಪ್ಪಿ ಬಿದ್ದರು! ಅವರ ಮಗ ನನ್ನನ್ನು ನೋಡಿದ ನೋಟ... ಮನುಷ್ಯರನ್ನು ನೋಡುವ ನೋಟ ಅಲ್ಲ ಅದು. ಇವತ್ತು ಯಾರೋ ಈ ಪೇಜ್ ತೋರಿಸಿದರು. ಆಗ ಅರ್ಥ ಆಯಿತು."

"ಕಾಪುವಿಗೆ ನಾನೊಬ್ಬನೇ ಹೋಗಿ ಬರುತ್ತೇನೆ."

"ನಾನೂ ಬರುತ್ತೇನೆ. ನನ್ನ ಮುಖ ಸರ್ ಅದು!"

ಹೌದಲ್ಲ. ಬೈಕಿನ ಹಿಂದೆ ಹತ್ತಿಸಿಕೊಂಡೆ.

ಕಾಪುವಿಗೆ ಮುಟ್ಟುವಾಗ ಮುಸ್ಸಂಜೆ. ಮೋಕ್ಷಾಳಿಗೆ ಹೆಲ್ಮೆಟ್ ಹಾಕಿಸಿ ಬೈಕಿನ ಹತ್ತಿರವೇ ನಿಲ್ಲಿಸಿದೆ. ಅಕ್ಕುವಿನದ್ದು ಕಡಲಿಗೆ ಹತ್ತಿರದ ಸಣ್ಣ ಹೆಂಚಿನ ಮನೆ. ಬೆಲ್ಲ ನೀರು ಕೊಟ್ಟಳು. ನಗುಮುಖದ ಹೆಂಗಸು.

ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಕಂಬಕ್ಕೆ ಒರಗಿಸಿ ಒಂದು ಮೊಬೈಲ್. ಮೊಬೈಲಿಗೆ ಶಂಕರಪುರ ಮಲ್ಲಿಗೆಯ ತುಂಡು. ಎದುರಿಗೆ ಬಾಳೆಲೆಯಲ್ಲಿ ಅನ್ನ, ಪದಾರ್ಥ. ಆಟಿಯಲ್ಲಿ ಸತ್ತವರಿಗೆ ಬಡಿಸುವ ಊಟ.

ಸ್ಕ್ರೀನಿನ ಮೇಲೆ ಮೋಕ್ಷಾ ನಗುತ್ತಿದ್ದಳು.

"ನೋಡಿ, ನನ್ನ ಬಾಲೆ" ಎಂದಳು ಅಕ್ಕು. "ಅವಳ ಮುಖ ನನಗೆ ಮರೆತೇ ಹೋಗಿತ್ತು. ಫೋಟೋ ಎಲ್ಲಿಂದ ತರುವುದು? ಸೈಟಿನಲ್ಲಿ ಹೆಸರು ಹಾಕಿದ ಕೂಡಲೇ ಅವಳೇ ಬಂದಳು. ದೊಡ್ಡವಳಾಗಿ ಬಂದಳು! ದಿನಾ ಸಂಜೆ ದೀಪ ಹಚ್ಚಿ ನೋಡುತ್ತೇನೆ. ನೋಡಿದರೆ ಸಮಾಧಾನ."

ಸಾರ್... ನಾನು ಕುಡುಕರ ಹಲ್ಲು ಉದುರಿಸಿದವನು. ಆ ಹೆಂಗಸಿನ ಎದುರು, ಬಂದ ವಿಷಯ ಬಿಟ್ಟು ಇನ್ನೊಂದು ಲೋಟ ನೀರು ಕೇಳಿದೆ. ಹೇಡಿ ಅನ್ನಿ, ಪರವಾಗಿಲ್ಲ.

ಹೊರಗೆ ಚೀರಾಟ!

ಮೋಕ್ಷಾ ಸುಮ್ಮನೆ ನಿಂತಿರಲಿಲ್ಲ. ಹೆಲ್ಮೆಟ್ ತೆಗೆದು, ಬೇಲಿಯ ಹತ್ತಿರ ಬಂದು ಒಳಗೆ ಇಣುಕಿದ್ದಳು. ತನ್ನ ಮುಖಕ್ಕೆ ಹೂವು. ತನ್ನ ಮುಖದ ಎದುರು ಸತ್ತವರ ಎಲೆ.

ಅದೇ ಹೊತ್ತಿಗೆ ಮಲ್ಪೆಯಿಂದ ಮುದ್ದಣ್ಣ, ಆ ಮೊಣಗಂಟು ನೋವಿನ ಅಜ್ಜಿಯ ಮಗ, ಬಂದಿಳಿದಿದ್ದ... ನಿನ್ನ ಮಗಳು ನಿಜವಾಗಿ ಸತ್ತದ್ದು ಹೌದಾ ಎಂದು ಬೀಗಿತಿಯನ್ನು ಕೇಳಲಿಕ್ಕೆ. ಪಿಕಪ್ಪಿನ ಬಾಗಿಲು ತೆರೆದರೆ ಬೇಲಿಯ ಹತ್ತಿರ ತಮ್ಮನ ಹೆಂಡತಿಯೇ ನಿಂತಿದ್ದಾಳೆ!

ಅವನು ಕೊಕ್ಕೆ ಎಳೆದುಕೊಂಡ. ನಾನು ಅಂಗಳ ಹಾರಿದೆ.

"ಹತ್ತು!"

ಬೈಕ್ ಕಿಕ್ ಹೊಡೆದೆ. ಹೈವೇ ದಾಟಿ ಶಿರ್ವದ ದಾರಿ ಹಿಡಿದೆ. ಹೇಗಾದರೂ ಕಾರ್ಕಳ ಮುಟ್ಟಬೇಕು, ಅವಳನ್ನು ಅವಳ ಮನೆಯವರ ಕೈಗೆ ಒಪ್ಪಿಸಬೇಕು. ಮಳೆ ಮುಖಕ್ಕೆ ಹೊಡೆಯುತ್ತಿದೆ. ಹಿಂದೆ ಪಿಕಪ್ಪಿನ ಹಾರನ್... ನಿಲ್ಲಿಸುವುದೇ ಇಲ್ಲ ಮಾರಾಯ!

"ಸರ್, ನಾನು ಬದುಕಿದ್ದೇನಲ್ಲ?" ಹಿಂದಿನಿಂದ ಕೇಳಿದಳು.

"ಎಂತ ಪ್ರಶ್ನೆ ಅದು?"

"ಹೇಳಿ ಸರ್!"

"ಬದುಕಿದ್ದಿ! ಗಟ್ಟಿ ಹಿಡಿದುಕೋ!"

ಶಿರ್ವ ಕಳೆದ ಮೇಲೆ ಎದುರಿಗೆ ಬಸ್ಸು. ತಪ್ಪಿಸಲು ಹೋಗಿ ಒಂದು ಗಲ್ಲಿಗೆ ನುಗ್ಗಿದೆ. ಗಲ್ಲಿಯ ಕೊನೆಗೆ ಬಂಗಲೆ. ಬಂಗಲೆಗೆ ಗೇಟು. ಗೇಟಿಗೆ ಬೀಗ. ಈಗ ಗೊತ್ತಾಯಿತಲ್ಲ ಸಾರ್, ಅಲ್ಲಿಗೆ ಹೇಗೆ ಬಂದೆವು ಎಂದು?

"ಬದುಕಿದ್ದಾಳೆ" ಎಂದೆ ಮುದ್ದಣ್ಣನಿಗೆ.

ತಪ್ಪು ಉತ್ತರ! ಕಬ್ಬಿಣ ಚರ್ಮದೊಳಗೆ ಇಳಿಯಿತು.

"ಹಾಗಾದರೆ ನನ್ನ ತಮ್ಮನ ಗತಿ ಎಂತ? ಅಮ್ಮ ಅನ್ನ ಮುಟ್ಟುವುದಿಲ್ಲ. ಮಗ ಅಲ್ಲಿ ಒಂಟಿ, ಸೊಸೆ ಇಲ್ಲಿ ತಿರುಗುತ್ತಿದ್ದಾಳೆ ಅಂತ ಅಳುತ್ತಾಳೆ. ಧಾರೆ ಎರೆದು ಆಗಿದೆ! ಇವಳು ಅವನ ಹೆಂಡತಿ. ಇವಳು ಅವನ ಹತ್ತಿರ ಇರಬೇಕು!"

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸಿಟ್ಟು ಬಂದವನನ್ನು ನಾನು ಸಂಭಾಳಿಸುತ್ತೇನೆ ಸಾರ್. ಅಳುತ್ತಾ ಕೊಕ್ಕೆ ಹಿಡಿದವನನ್ನು ಕಂಡರೆ ಹೆದರುತ್ತೇನೆ.

"ಮುದ್ದಣ್ಣ, ಈಗ ನಿಮಗೇ ಒಂದು ಮದುವೆ ಮಾಡುವ" ಎಂದೆ.

"ಎಂತ?"

ನಿಧಾನಕ್ಕೆ ಜೇಬಿನಿಂದ ಫೋನ್ ತೆಗೆದೆ. ನೆಟ್‌ವರ್ಕ್ ಒಂದೇ ಕಡ್ಡಿ. ಬೆಳಿಗ್ಗೆಯ ಆ ಶಹನಾಯಿ, ಆ ಓಡುವ ಫೋಟೋ ಇದ್ದಿದ್ದರೆ ಸೈಟ್ ತೆರೆಯುವುದರೊಳಗೆ ನನ್ನ ತಿಥಿ ಮುಗಿಯುತ್ತಿತ್ತು! ತೆರೆಯಿತು. 'ವಧು ನೋಂದಣಿ' ಒತ್ತಿದೆ. ಹೆಸರು ಮುದ್ದಣ್ಣ. ಊರು ಮಲ್ಪೆ. ಫೋನ್, ನನ್ನದೇ ಹಾಕಿದೆ. ಫೋಟೋ ಇಲ್ಲ.

ಒತ್ತಿದೆ.

ಚಕ್ರ ತಿರುಗಿತು... ತಿರುಗಿತು...

ಬಂತು!

ವಧು: ಮುದ್ದಣ್ಣ, ಮಲ್ಪೆ. ಪಕ್ಕದಲ್ಲಿ ಮೋಕ್ಷಾಳ ನಗು.

ಅವನು ಫೋನ್ ಕಸಿದುಕೊಂಡ. ನೋಡಿದ. ಅವಳ ಮುಖ ನೋಡಿದ. ಮತ್ತೆ ಫೋನ್.

"ಇದು ನಾನಾ?"

"ಫೋಟೋ ಕೊಡದ ಎಲ್ಲರೂ ಇವಳೇ. ನಿಮ್ಮ ಅಮ್ಮನ ಹೆಸರು ಹಾಕಿ, ಅಮ್ಮನೂ ಇವಳೇ ಆಗುತ್ತಾರೆ. ಒಬ್ಬ ಬೇವಾರ್ಸಿ ಕದ್ದು ಹಾಕಿದ ಮುಖ ಇದು. ಚೈತಾಲಿ ಬೇರೆ. ಅವಳು ತೊಟ್ಟಿಲಿನಲ್ಲೇ ಹೋದವಳು."

ಅವನು ಒದ್ದೆ ಹೆಬ್ಬೆರಳಿನಿಂದ ತಾನೇ ಅಮ್ಮನ ಹೆಸರು ಬರೆದ. ಒತ್ತಿದ. ಕಾದ. ಅದೇ ನಗು ಬಂತು.

ಕೊಕ್ಕೆ ಕೆಳಗೆ ಬಿತ್ತು.

"ಹಾಗಾದರೆ ಧಾರೆ ಎರೆದದ್ದು ಯಾರಿಗೆ?"

"ಚೈತಾಲಿಗೆ. ಹೆಸರು ಕೂಗಿದ್ದು ಅವಳದ್ದು. ಸೀರೆ ಇಟ್ಟದ್ದು ಅವಳಿಗೆ. ಮದುವೆ ಸರಿಯಾಗಿ ಉಂಟು. ಫೋಟೋ ಮಾತ್ರ ತಪ್ಪು."

"ತಮ್ಮ ಒಂಟಿ ಅಲ್ಲ?"

"ಅಲ್ಲ."

ಆ ದೊಡ್ಡ ಆಸಾಮಿ ಮಳೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತ. ಆಮೇಲೆ ಎದ್ದು ಮೋಕ್ಷಾಳಿಗೆ ಕೈ ಮುಗಿದ. "ತಂಗೀ, ತಪ್ಪಾಯಿತು. ಒಮ್ಮೆ ಅಮ್ಮನಿಗೆ ಫೋನಿನಲ್ಲಿ ಹೇಳುತ್ತೀಯಾ, ನೀನು ಬೇರೆ ಅಂತ?"

ಅವಳು ಹೇಳಿದಳು. ನಡುಗುತ್ತಲೇ ಹೇಳಿದಳು. "ಅಜ್ಜೀ, ನಾನು ಕಾರ್ಕಳದವಳು. ನಿಮ್ಮ ಸೊಸೆ ಮಗನ ಹತ್ತಿರವೇ ಇದ್ದಾಳೆ. ನೀವು ಊಟ ಮಾಡಿ." ಆ ಕಡೆಯಿಂದ ತುಂಬ ಹೊತ್ತು ಅಳು ಕೇಳಿತು.

ಪಿಕಪ್ ಹಿಂದೆ ಹೋಯಿತು. ಮೋಕ್ಷಾ ನನ್ನ ಕಡೆ ತಿರುಗಿದಳು. ಈಗ ಅವಳ ಹಲ್ಲು ಕಟಕಟ ಎನ್ನುತ್ತಿರಲಿಲ್ಲ.

"ತೆಗೆಯಿರಿ ಸರ್. ಈಗ. ಇಲ್ಲೇ."

"ಆ ತಾಯಿಗೆ ನಾನು ಇನ್ನೂ ಹೇಳಿಲ್ಲ..."

"ನನಗೂ ತಾಯಿ ಇದ್ದಾಳೆ. ಅವಳ ಮಗಳ ಎದುರು ಸತ್ತವರ ಎಲೆ ಹಾಕಿದ್ದಾರೆ. ತೆಗೆಯಿರಿ!"

ನ್ಯಾಯ ಅವಳದ್ದೇ. ಬೇರೆಯವರ ಮುಖವನ್ನು ಖಾಲಿ ಜಾಗಕ್ಕೆ ತುಂಬಿಸಬಾರದು ಸಾರ್. ಫೋಟೋ ಇಲ್ಲದಿದ್ದರೆ ಇಲ್ಲ ಅಂತ ಬಿಡಿ. ಖಾಲಿ ಇದ್ದದ್ದು ಖಾಲಿಯಾಗಿ ಕಾಣಲಿ. ನನ್ನ ಇಪ್ಪತ್ತು ವರ್ಷದ... ಬಿಡಿ, ಇದೊಂದೇ ಸಾಕು, ಉಳಿದ ಸಲಹೆ ಎಲ್ಲ ಗಾಳಿಗೆ.

ಅಲ್ಲೇ ನಿಂತು ಅಳಿಸಿದೆ. ಮುಖ ಹೋಯಿತು. ಬೂದು ಬಣ್ಣದ ಒಂದು ಚೌಕ ಉಳಿಯಿತು. ಅವಳು ಉಸಿರು ಬಿಟ್ಟಳು.

ಬೈಕ್ ಸ್ಟಾರ್ಟ್ ಮಾಡುವಾಗ ಫೋನ್ ಬಂತು. ಮನೋರಮಕ್ಕನಿಂದ ನನ್ನ ನಂಬರ್ ತೆಗೆದುಕೊಂಡಿದ್ದಳಂತೆ ಅಕ್ಕು. ಗಾಬರಿಯ ಧ್ವನಿ.

"ರಿಪೇರಿಯವರಾ? ದೀಪ ಇನ್ನೂ ಉರಿಯುತ್ತಾ ಉಂಟು. ಎಲೆ ಹಾಗೇ ಉಂಟು. ಊಟದ ನಡುವೆ ನನ್ನ ಬಾಲೆ ಎದ್ದು ಹೋದಳು! ಮುಖ ಕಾಣುವುದಿಲ್ಲ! ನಿಮ್ಮ ಸೈಟ್ ಹಾಳಾಗಿದೆ, ಬೇಗ ಬಂದು ಸರಿ ಮಾಡಿ ಮಾರಾಯರೇ..."

ಮಳೆಯ ಸದ್ದಿನಲ್ಲಿ ಅವಳು ಅಳುವುದು ಕೇಳುತ್ತಿತ್ತು. ಮೋಕ್ಷಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಾಳಾದದ್ದಲ್ಲ ಅಕ್ಕು..." ಎಂದೆ. "ನಾನೇ ಸರಿ ಮಾಡಿದ್ದು."

ಹೇಳಿ ಸಾರ್... ನಿಮ್ಮ ಸೈಟಿನಲ್ಲಿ ಎಂತ ಸರಿ ಮಾಡಬೇಕು?