ಬೊಮ್ಮಯ್ಯ ಬಿಸಾಡಿದ ಬರಿಬುಟ್ಟಿ

ಬಹಳ ಬಹಳ ಹಿಂದೆ, ಹೇಮಗಿರಿ ಎಂಬ ರಾಜ್ಯದಲ್ಲಿ ರಾಜನಿಗೆ ಐವರು ಮಕ್ಕಳಿದ್ದರು. ಧೂಮಾಕ್ಷನೆಂಬ ಮಾಂತ್ರಿಕ ಅವರನ್ನು ಹಕ್ಕಿಗಳನ್ನಾಗಿ ಮಾಡಿ ಐದು ಕಲ್ಲಿನ ಗೂಡುಗಳಲ್ಲಿ ಕೂರಿಸಿದ. ಒಂದೊಂದು ಹಕ್ಕಿಯ ಎದೆಯ ಮೇಲೂ ಆ ಮಗುವಿನ ವಯಸ್ಸು ಬರೆದಿತ್ತು: ಹನ್ನೆರಡು, ಒಂಬತ್ತು, ಮೂರು, ಏಳು, ಐದು.

"ಮೂರು ದಿನದೊಳಗೆ ಕಿರಿಯರಿಂದ ಹಿರಿಯರವರೆಗೆ ಸಾಲಾಗಿ ಕೂರಿಸಿ, ಮಕ್ಕಳು ಸಿಗುತ್ತಾರೆ" ಎಂದ ಮಾಂತ್ರಿಕ. "ಅಕ್ಕಪಕ್ಕದವರನ್ನು ಮಾತ್ರ ಅದಲುಬದಲು ಮಾಡಬೇಕು. ತುಂಬಿದ ಗೂಡಿಗೆ ಇನ್ನೊಂದು ಹಕ್ಕಿಯನ್ನು ನುಗ್ಗಿಸಿದರೆ, ಒಳಗಿದ್ದದ್ದು ತನ್ನನ್ನೇ ಮರೆತು, ಹೊಸದಾಗಿ ಬಂದದ್ದರ ಹಾಗೇ ಆಗಿಬಿಡುತ್ತದೆ. ನುಗ್ಗಿಸಿದವನು ತುಂಬಿದ ಸಭೆಯಲ್ಲಿ ತಪ್ಪೊಪ್ಪಿಕೊಂಡರಷ್ಟೇ ಅದಕ್ಕೆ ಬಿಡುಗಡೆ. ಯಾರು ಒಪ್ಪಿಕೊಳ್ಳುತ್ತಾರೆ, ಹೇಳಿ!"

ಅರಮನೆಯ ಉಗ್ರಾಣದಲ್ಲಿ ಉಪ್ಪಿನಕಾಯಿ ಭರಣಿ ಜೋಡಿಸುವ ಬೊಮ್ಮಯ್ಯ ಮುಂದೆ ಬಂದ. ಉಗ್ರಾಣದವರು ಸೊಂಟಕ್ಕೆ ಒಂದು ಬರಿಬುಟ್ಟಿ ಕಟ್ಟಿಕೊಳ್ಳುವುದು ರೂಢಿ. ಎರಡು ಭರಣಿಗಳ ಜಾಗ ಬದಲಿಸುವಾಗ ಒಂದನ್ನು ಅದರಲ್ಲಿಟ್ಟು, ಇನ್ನೊಂದನ್ನು ಮೊದಲಿನದರ ಜಾಗಕ್ಕೆ ಸರಿಸಿ, ಬುಟ್ಟಿಯದನ್ನು ಖಾಲಿಯಾದ ಕಡೆ ಇಡುವುದು ಅವರ ಕ್ರಮ.

ಮೊದಲ ದಿನ ಅವನು, ಹಿರಿಯ ಹಕ್ಕಿ ಕಿರಿಯದರ ಮುಂದೆ ಕೂತಲ್ಲೆಲ್ಲ ಆ ಎರಡನ್ನು ಬುಟ್ಟಿಯ ಸಹಾಯದಿಂದ ಅದಲುಬದಲು ಮಾಡುತ್ತ, ಸಾಲಿನುದ್ದಕ್ಕೂ ಒಮ್ಮೆ ನಡೆದ. ಹನ್ನೆರಡು ತುದಿಗೆ ಬಂತು. "ಮುಗಿಯಿತು ಪ್ರಭು!" ಎಂದ. ಉಳಿದವು ಒಂಬತ್ತು, ಮೂರು, ಏಳು, ಐದು ಎಂದೇ ಕೂತಿದ್ದವು! ಸಭೆ ಘೊಳ್ಳೆಂದು ನಕ್ಕಿತು. ಬೊಮ್ಮಯ್ಯನ ಕಿವಿ ಕೆಂಪಾಯಿತು.

ಎರಡನೆಯ ದಿನ ಬೇಗ ಮುಗಿಸಿ ಮಾನ ಉಳಿಸಿಕೊಳ್ಳುವ ಆತುರ. ಬುಟ್ಟಿಯನ್ನು ಬಿಸಾಡಿ ಮೂರನ್ನು ನೇರವಾಗಿ ಒಂಬತ್ತರ ಗೂಡಿಗೆ ನುಗ್ಗಿಸಿದ. ಹೊರಬಿದ್ದ ಹಕ್ಕಿ ಪಕ್ಕದ ಗೂಡು ಸೇರಿತು. ಅದರ ಎದೆಯ ಮೇಲೂ ಮೂರು! ಒಂಬತ್ತು ವರ್ಷದ ಚಿತ್ರಾಂಗಿ ಇಲ್ಲವಾದಳು.

"ಯಾರ ಕೆಲಸ ಇದು?" ರಾಜ ಗುಡುಗಿದ.

"ಕಾಳು ಹಾಕಲು ಬಂದ ತಿಮ್ಮವ್ವನದು, ಪ್ರಭು." ಬೊಮ್ಮಯ್ಯನ ಬಾಯಿಂದ ಬಂದುಹೋಯಿತು, ಪಾಪಿ ಬಾಯಿ!

ಮುದುಕಿ ತಿಮ್ಮವ್ವ ಅವನ ಮುಖವನ್ನೊಮ್ಮೆ ನೋಡಿ ಸೆರೆಮನೆಗೆ ನಡೆದಳು. ಆ ನೋಟ ನೆನೆದು ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂರನೆಯ ದಿನ ಸಭೆ ತುಂಬಿತ್ತು. ಬೊಮ್ಮಯ್ಯ ನೆಲ ನೋಡುತ್ತ ನಿಂತ.

"ನುಗ್ಗಿಸಿದವನು ನಾನು. ಸುಳ್ಳು ಹೇಳಿದವನೂ ನಾನೇ. ನಗುತ್ತೀರೆಂದು ಹೆದರಿದೆ. ತಿಮ್ಮವ್ವನನ್ನು ಬಿಟ್ಟುಬಿಡಿ."

ಯಾರೂ ನಗಲಿಲ್ಲ. ಅದು ನಗುವಿಗಿಂತ ಹೆಚ್ಚು ಸುಟ್ಟಿತು. ಆದರೆ ಎರಡನೆಯ ಗೂಡಿನ ಹಕ್ಕಿ ರೆಕ್ಕೆ ಕೊಡವಿತು, ಎದೆಯ ಮೇಲೆ ಒಂಬತ್ತು ಮೂಡಿತು.

ಸೆರೆಯಿಂದ ಬಂದ ತಿಮ್ಮವ್ವ ಮೂಲೆಯಲ್ಲಿ ಬಿದ್ದಿದ್ದ ಬುಟ್ಟಿಯನ್ನು ತಂದು ಅವನ ಕೈಗಿತ್ತಳು. "ತಗೊಳ್ಳಪ್ಪ. ಅಳೋದು ಆಮೇಲೆ, ಮೊದಲು ಮಕ್ಕಳನ್ನ ನೋಡು."

ಬೊಮ್ಮಯ್ಯ ಸಾಲಿನುದ್ದಕ್ಕೂ ನಡೆದ. ಒಂಬತ್ತು ಏಳನ್ನು ದಾಟಿತು, ಐದನ್ನು ದಾಟಿತು. ಮತ್ತೆ ನಡೆದ. ಏಳು ಐದನ್ನು ದಾಟಿತು. ಈ ಸಲ ಅವನು ಮುಗಿಯಿತು ಎನ್ನಲಿಲ್ಲ, ಇನ್ನೊಮ್ಮೆ ನಡೆದ. ಯಾರನ್ನೂ ಕದಲಿಸಬೇಕಾಗಲಿಲ್ಲ. ಮೂರು, ಐದು, ಏಳು, ಒಂಬತ್ತು, ಹನ್ನೆರಡು!

ಧೂಮಾಕ್ಷ ಹೊಗೆಯಾಗಿ ಹಾರಿಹೋದ. ಮಕ್ಕಳು ಮಕ್ಕಳಾಗಿ ಜಿಗಿದರು. ಹೇಮಗಿರಿಯವರೆಲ್ಲ ಉಂಡುಟ್ಟು ನಗುನಗುತ್ತ ಬಾಳಿದರು. ಬೊಮ್ಮಯ್ಯನೂ ಬಾಳಿದ. ಆದರೆ ತಿಮ್ಮವ್ವನ ಮನೆಯ ಮುಂದೆ ಹಾಯುವಾಗ ಅವನ ತಲೆ ತಾನಾಗಿ ತಗ್ಗುತ್ತಿತ್ತು. ಅವಳು ಪ್ರತಿದಿನವೂ ಒಳಗಿನಿಂದ ಕೂಗುತ್ತಿದ್ದಳು: "ಊಟ ಆಯ್ತೇನೋ ಬೊಮ್ಮಣ್ಣ?"