ಬುಲ್‌ಪಪ್ ಬಂದೂಕಿನ ಕಾಜಾ ತೂತುಗಳು

ಸೋಮವಾರಪೇಟೆ ಬಸ್‌ಸ್ಟ್ಯಾಂಡ್ ಪಕ್ಕದ ಹೊಲಿಗೆ ಅಂಗಡಿಗೆ ಶಾಂಭವಿ ನುಗ್ಗಿದಾಗ ಮರುಳಸಿದ್ದಪ್ಪನವರು ಯಾರದೋ ಜುಬ್ಬಕ್ಕೆ ಗುಂಡಿ ಹಚ್ಚುತ್ತಿದ್ದರು. ಹುಡುಗಿಯ ಮುಖ ನೋಡಿ ಸೂಜಿ ನೇರ ಬೆರಳಿಗೇ ಹೋಯಿತು.

"ಮಂಗಳಕ್ಕಾ, ನಂಗೆ ಬಂದೂಕು ಹಿಡಿಯೋ ಯೋಗ ಇಲ್ಲ ಕಣಕ್ಕ! ಸಂಜೆ ಅದನ್ನ ಅಂಗಡಿಗೆ ವಾಪಸ್ ಕಳಿಸ್ತಾರಂತೆ."

ಹೊಲಿಗೆ ಯಂತ್ರದ ಮುಂದಿದ್ದ ಸರ್ವಮಂಗಳ ಕಾಲು ನಿಲ್ಲಿಸಿದರು. ಮರುಳಸಿದ್ದಪ್ಪನವರ ಎದೆ ಹಿಗ್ಗಿತು. ಹೆಂಡತಿ ಹೀಗೆ ಯಂತ್ರ ನಿಲ್ಲಿಸಿದರೆ ಊರಿನ ಯಾವುದೋ ಒಗಟು ಬಿಡಿಸಿದಂತೆಯೇ ಲೆಕ್ಕ. ಸಂತೆಯಲ್ಲಿ ಮಾಯವಾದ ಏಲಕ್ಕಿ ಮೂಟೆಯನ್ನು ಹೊಲಿಗೆಯ ಗಂಟು ನೋಡಿಯೇ ಹಿಡಿದಿದ್ದ ಮಹಾತಾಯಿ ಆಕೆ. ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಈ ಪತ್ತೇದಾರಿಕೆಗೆ ತಾವೇ ಬಲಗೈ ಎಂಬುದು ಮರುಳಸಿದ್ದಪ್ಪನವರ ನಂಬಿಕೆ. ಹೆಂಡತಿಯನ್ನು ಮಾತ್ರ ಅವರು ಈ ಬಗ್ಗೆ ಕೇಳಿರಲಿಲ್ಲ.

"ಅಳಬೇಡ. ಮೊದಲಿಂದ ಹೇಳು," ಎಂದರು ಸರ್ವಮಂಗಳ.

ಐದು ವರ್ಷದ ಹಿಂದೆ ಜೀಪು ಮಗುಚಿ ಶಾಂಭವಿಯ ಎಡಗೈ ಮುರಿದಿತ್ತು. ಕೂಡಿಕೊಂಡಿತಾದರೂ ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಉದ್ದನೆಯ ಬಂದೂಕಿನ ಮುಂಭಾರ ಆ ಕೈಗೆ ತಡೆಯದು. ಗುರಿ ಹೊಡೆಯುವುದೆಂದರೆ ಪ್ರಾಣ ಬಿಡುತ್ತಿದ್ದವಳು ಮೂಲೆ ಸೇರಿದ್ದಳು. ಆಗ ಕಂಡದ್ದು ಬುಲ್‌ಪಪ್ ಎಂಬ ಗಾಳಿ ಬಂದೂಕು. ಅದರಲ್ಲಿ ಯಂತ್ರಭಾಗವೆಲ್ಲ ಬೆರಳಲ್ಲಿ ಎಳೆಯುವ ಕುದುರೆಯ ಹಿಂದೆ, ಕೆನ್ನೆಯ ಕೆಳಗೇ ಇರುತ್ತದೆ. ನಳಿಗೆಯ ಉದ್ದ ಕಡಿಮೆಯಾಗದೆ ಬಂದೂಕು ಮಾತ್ರ ಗಿಡ್ಡವಾಗುತ್ತದೆ, ಭಾರ ಭುಜಕ್ಕೆ ಬರುತ್ತದೆ. ಊರಿನ ಬಂದೂಕು ಕ್ಲಬ್ಬಿನವರು ಅದನ್ನು ಅಂಗಡಿಯಿಂದ ತರಿಸಿ, ಪರೀಕ್ಷೆ ಮಾಡಿ ಕೊಳ್ಳೋಣ ಎಂದಿದ್ದರು. ಎರಡು ದಿನ, ಮುನ್ನೂರು ಗುಂಡು. ಒಂದೂ ಸಿಕ್ಕಿಕೊಂಡಿರಲಿಲ್ಲ, ಐದೈದು ಗುಂಡು ಒಂದು ರೂಪಾಯಿ ನಾಣ್ಯದಗಲದೊಳಗೇ ಬಿದ್ದಿದ್ದವು. ನಿನ್ನೆ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ರಜೆ. ಇಂದು ಬೆಳಿಗ್ಗೆ ಗುಂಡುಗಳು ಊಟದ ತಟ್ಟೆಯಗಲ ಚದುರಿದ್ದವು.

"ಅಧ್ಯಕ್ಷರು ಕ್ಲಬ್ ಕಾರ್ಯದರ್ಶಿ ನವೀನ್‌ಕುಮಾರ್ ಮೇಲೆ ಅನುಮಾನ ಪಡ್ತಿದಾರೆ. 'ಈ ಗಿಡ್ಡ ಗುಜ್ಜಾರಿ ಕೋವಿನ ನಂಬಬೇಡಿ' ಅಂತ ಮೊದಲಿಂದ ಹೇಳ್ತಿದ್ದೋನು ಅವನೇ. ಅವನು ಮಾಡಿದ್ರೂ ಕಷ್ಟ, ಬಂದೂಕೇ ಸರಿಯಿಲ್ಲ ಅಂದ್ರೂ ಕಷ್ಟ. ನಂಗೆ ಒಗ್ಗೋ ಬಂದೂಕು ಇನ್ನೊಂದು ಇಲ್ಲ ಅಕ್ಕ."

ಸರ್ವಮಂಗಳ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದರು. "ನಡೀರಿ. ಆ ಸೂಜಿಡಬ್ಬಿ ತಗೊಳಿ."

ಗುರಿಕಟ್ಟೆ ಇದ್ದದ್ದು ಕ್ಲಬ್ ಅಧ್ಯಕ್ಷ ದೇರಪ್ಪನವರ ಮನೆಯ ಹಿಂದಿನ ಕಾಫಿ ಕಣದಲ್ಲಿ. ಜಗಲಿಯಲ್ಲಿ ಅವರ ಹಳೇ ಕೋವಿ ಒರಗಿತ್ತು. ಅದರ ಬಾಯಿಗೆ ಹಬ್ಬಕ್ಕೆಂದು ಸಿಕ್ಕಿಸಿದ್ದ ಕೋವಿ ಹೂ, ಕೆಂಪು-ಹಳದಿ ಎಸಳಿನ ತೋಕ್ ಪೂ, ಇನ್ನೂ ಬಾಡಿರಲಿಲ್ಲ.

"ಹಬ್ಬಕ್ಕೆ ಬಿಟ್ಟಂಗಾಲದಲ್ಲಿರೋ ನಮ್ಮ ಹಿರೀಕರ ಐನ್‌ಮನೆಗೆ ಒಯ್ದಿದ್ದೆ. ಇವತ್ತು ಬೆಳಿಗ್ಗೆ ಬಂದೆ," ಎಂದರು ದೇರಪ್ಪ. ಅವರ ಹೆಂಡತಿ ಸರೋಜ ಕಾಲುನೋವಿಂದ ಮನೆಯಲ್ಲೇ ಉಳಿದಿದ್ದರಂತೆ. ಆಕೆ ಕುಂಟುತ್ತಲೇ ಎಲ್ಲರಿಗೂ ಕಾಫಿ ಕೊಟ್ಟರು.

"ಬುಲ್‌ಪಪ್ ಎಲ್ಲಿತ್ತು?" ಸರ್ವಮಂಗಳ ಕೇಳಿದರು.

"ನಮ್ಮ ಕಬ್ಬಿಣದ ಬೀರುವಲ್ಲಿ. ಎರಡು ಕೀಲಿ. ಒಂದು ಈ ಮನೆ ಮೊಳೇಲಿ, ಇನ್ನೊಂದು ಕಾರ್ಯದರ್ಶಿ ನವೀನ್ ಹತ್ರ. ನಿನ್ನೆ ಸಂಜೆ ಬಂದು ತೆಗೆದಿದ್ದಾನೆ!"

"ಒರೆಸಿಡೋಕೆ ಬಂದಿದ್ದೆ ಸಾರ್," ಎಂದ ನವೀನ್‌ಕುಮಾರ್. ಮುಖ ಕೆಂಪೇರಿತ್ತು. "ನಂಗೆ ಇಷ್ಟ ಇಲ್ಲ ಅಂದ ಮಾತ್ರಕ್ಕೆ ಹಾಳು ಮಾಡ್ತೀನಾ?"

"ಹಾಗಾದ್ರೆ ಇದೇನು?" ದೇರಪ್ಪ ಗುರಿಹಾಳೆಯನ್ನು ಎತ್ತಿದರು. ಒಂದು ತೂತಿನ ಅಂಚಿನಲ್ಲಿ ಹಳದಿ ನೂಲೆಳೆ. "ನಿನ್ನ ಒರೆಸೋ ಬಟ್ಟೆ ಹಳದಿ ಅಲ್ವೇನಪ್ಪ?"

ಮರುಳಸಿದ್ದಪ್ಪನವರು ಮನಸ್ಸಿನಲ್ಲೇ ನವೀನನನ್ನು ಜೈಲಿಗೆ ಕಳಿಸಿಬಿಟ್ಟರು. ಹೆಂಡತಿ ಮಾತ್ರ ಆ ಹಾಳೆಯನ್ನೂ ಮೊನ್ನೆಯದನ್ನೂ ಬೆಳಕಿಗೆ ಹಿಡಿದು, ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದರು. ಎಳೆಯನ್ನು ಕಿತ್ತು, ಬಿಚ್ಚಿ, ಮೂಸಿದರು. ಆಮೇಲೆ ಕೇಳಿದ ಪ್ರಶ್ನೆಗಳು ನಾಲ್ಕೇ. ಇವತ್ತು ಹೊಡೆದವರು ಯಾರು? ಮೂವರು, ಮೂವರದ್ದೂ ಚದುರಿದೆ. ಅದೇ ಡಬ್ಬಿಯ ಗುಂಡು ಕ್ಲಬ್ಬಿನ ಹಳೇ ಗಾಳಿ ಬಂದೂಕಲ್ಲಿ? ಸರಿಯಾಗಿ ಬಿದ್ದಿವೆ. ಗಾಳಿಯ ಒತ್ತಡ? ಮುಳ್ಳು ಮೊನ್ನೆ ಇದ್ದಲ್ಲೇ ಇದೆ. ಬಂದೂಕಿನ ಮೇಲೆ ಕೂರಿಸಿದ ದುರ್ಬೀನಿನ ತಿರುಪು? ಶಾಂಭವಿ ಪ್ರತಿ ತಿರುಪಿನ ಮೇಲೂ ಉಗುರುಬಣ್ಣದ ಗೆರೆ ಎಳೆದಿದ್ದಳು, ಒಂದು ಗೆರೆಯೂ ಕದಲಿರಲಿಲ್ಲ.

"ಸರೋಜಕ್ಕನನ್ನೂ ಕರೀರಿ. ಎಲ್ಲಾ ಜಗಲಿಗೆ ಬನ್ನಿ," ಎಂದರು ಸರ್ವಮಂಗಳ.

ಎಲ್ಲರೂ ಕೂತರು. ಮರುಳಸಿದ್ದಪ್ಪನವರು ಸೂಜಿಡಬ್ಬಿ ಹಿಡಿದು ಹೆಂಡತಿಯ ಪಕ್ಕದಲ್ಲಿ ಗತ್ತಾಗಿ ನಿಂತರು.

"ಹೊಡೆದೋರ ತಪ್ಪಲ್ಲ, ಮೂವರಿಗೂ ಒಂದೇ ಕಾಯಿಲೆ ಬರಲ್ಲ. ಗುಂಡಿನ ತಪ್ಪಲ್ಲ, ಗಾಳಿ ತಪ್ಪಲ್ಲ, ದುರ್ಬೀನು ಕದಲಿಲ್ಲ. ಈಗ ತೂತು ನೋಡಿ. ಮೊನ್ನೆಯವು ದುಂಡಗೆ, ಒತ್ತುಗುಂಡಿ ಹಾಕೋ ತೂತಿನ ಹಾಗೆ. ಇವತ್ತಿನವು ಉದ್ದುದ್ದ, ನಾನು ಅಂಗಿಗೆ ಹೊಲಿಯೋ ಕಾಜಾ ಥರ. ಗುಂಡು ಮೂತಿ ಮುಂದೆ ಮಾಡಿಕೊಂಡು ಹೋದ್ರೆ ದುಂಡು ತೂತು. ಪಲ್ಟಿ ಹೊಡೀತಾ ಅಡ್ಡಡ್ಡ ಹೋದ್ರೆ ಕಾಜಾ. ಅಂದ್ರೆ ನಳಿಗೆ ಬಿಟ್ಟ ಮೇಲೆ ಏನಕ್ಕೋ ತಗುಲಿದೆ."

"ನವೀನನ ಬಟ್ಟೆ!" ಎಂದರು ಮರುಳಸಿದ್ದಪ್ಪ, ತಡೆಯಲಾರದೆ.

"ಸ್ವಲ್ಪ ಸುಮ್ನಿರಿ. ಆ ಬಟ್ಟೆ ಫ್ಲಾನೆಲ್, ಜುಂಗುಜುಂಗು. ಈ ಎಳೆ ಅಂಗೈಲಿ ಹೊಸೆದಿರೋ ಅರಳೆ, ಮೇಲೆ ಅರಿಶಿನದ ವಾಸನೆ. ದೇವರ ದೀಪದ ಬತ್ತಿ ಇದು. ನವೀನ, ನಿನ್ನೆ ಒರೆಸಿದ ಬಟ್ಟೆ ತೆಗಿಯಪ್ಪ."

ಬಟ್ಟೆಯ ಮೂಲೆಯಲ್ಲಿ ಗಂಧದ ಕಲೆಯಿತ್ತು. "ಹಿಡಿ ಮೇಲೆ ಬೊಟ್ಟಿತ್ತು," ಎಂದ ನವೀನ. "ನಮ್ಮ ಕಡೆ ಯಾರ ಮನೆ ಕೋವಿಗಿರಲ್ಲ ಹೇಳಿ? ಅದಕ್ಕೇ ಏನೂ ಅನ್ನಿಸಲಿಲ್ಲ."

ಸರ್ವಮಂಗಳ ಸರೋಜ ಅವರ ಕೈ ಹಿಡಿದರು. "ಸರೋಜಕ್ಕ, ನಿನ್ನೆ ಮನೇಲಿ ಒಬ್ಬರೇ ಇದ್ರಿ. ಪೂಜೆಗೆ ಏನೇನಿಟ್ರಿ?"

"ಹಬ್ಬದ ದಿನ ಬರೀ ಕತ್ತಿ ಕೊಡಲಿ ಇಡೋದಾ? ಮನೆಯೊಳಗೆ ಒಂದು ಕೋವಿ ಇದೆಯಲ್ಲ ಅಂತ ಅದನ್ನೂ ತಂದಿಟ್ಟೆ. ಬೊಟ್ಟಿಟ್ಟು ಹೂ ಸಿಕ್ಕಿಸಿದೆ. ಅದರ ಬಾಯಿ ಅಗಲ, ಹೂ ನಿಲ್ಲಲಿಲ್ಲ. ಬತ್ತಿಗೆ ಅರಿಶಿನ ಹಚ್ಚಿ ತೊಟ್ಟಿಗೆ ಸುತ್ತಿ ಒತ್ತಿದೆ. ಮಧ್ಯಾಹ್ನ ಹೂ ತೆಗೆದೇ ಇಟ್ಟೆ..." ಆಕೆ ಬಂದೂಕಿನ ಬಾಯಿಯತ್ತ ನೋಡಿದರು. "ಅಯ್ಯೋ ಶಿವನೇ, ನಾನೇನಾ ಮಾಡಿದ್ದು?"

"ಹೂ ಬಂತು, ಬತ್ತಿ ಬರಲಿಲ್ಲ," ಎಂದರು ಸರ್ವಮಂಗಳ. "ಹಳೇ ಕೋವಿಲಿ ನಮಗೆ ಕಾಣೋ ಬಾಯೇ ನಳಿಗೆ. ಇದರಲ್ಲಿ ಕಾಣೋದು ಬರೀ ಹೊದಿಕೆ, ನಳಿಗೆ ಒಳಗೇ ಮುಗಿಯುತ್ತೆ. ಮಧ್ಯೆ ಸದ್ದು ತಗ್ಗಿಸೋ ಬಿಲ್ಲೆಗಳಿವೆ. ಬತ್ತಿ ಅಲ್ಲಿ ಕೂತಿದೆ."

ಶಾಂಭವಿ ಗುಂಡು ತೆಗೆದು, ಗಾಳಿ ಇಳಿಸಿ, ಬಂದೂಕು ಕೊಟ್ಟಳು. ಮರುಳಸಿದ್ದಪ್ಪನವರು ಡಬ್ಬಿ ತೆರೆದರು. ಸರ್ವಮಂಗಳ ಕ್ರೋಶಾ ಸೂಜಿಯನ್ನು ಬಾಯೊಳಗಿಳಿಸಿ, ಒಮ್ಮೆ ತಿರುವಿ ಎಳೆದರು. ಜಜ್ಜಿಹೋದ ಹಳದಿ ಬತ್ತಿ ಹೊರಬಂತು. ಜಗಲಿಯೆಲ್ಲ ಹೋ ಎಂದಿತು.

ದೇರಪ್ಪ ಎದ್ದು ನವೀನನ ಮುಂದೆ ನಿಂತರು. "ಹೊಟ್ಟೆಗೆ ಹಾಕ್ಕೊಳಪ್ಪ. ಹಿರಿಯ ಅಂತ ಬಾಯಿಗೆ ಬಂದದ್ದು ಆಡಿಬಿಟ್ಟೆ."

ನವೀನ ಬಂದೂಕಿಗೆ ಗಾಳಿ ತುಂಬಿದ, ಒತ್ತಡದ ಮುಳ್ಳು ನೋಡಿದ, ತಾನೇ ಅದನ್ನು ಶಾಂಭವಿಯ ಕೈಗಿಟ್ಟ. "ಪರೀಕ್ಷೆ ಮುಗಿದಿಲ್ಲ. ಐದು ಗುಂಡು ಹೊಡಿ."

ಶಾಂಭವಿ ಬಗ್ಗಿದ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತಳು. ಸರೋಜ ಕಣ್ಣು ಮುಚ್ಚಿ ಕೈಮುಗಿದರು. ಐದು ಸಲ ಟಪ್ ಎಂದಿತು. ನವೀನ ಓಡಿಹೋಗಿ ಹಾಳೆ ತಂದ. ದುಂಡನೆಯ ಒಂದೇ ತೂತು, ಮಗ್ಗುಲಲ್ಲಿ ತುಸು ಹರಿದಿತ್ತು ಅಷ್ಟೆ. ಅವನು ಅದರ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟ. ತೂತು ಕಾಣಲಿಲ್ಲ.

"ನೋಡೋಕೆ ಈಗಲೂ ನಂಗೆ ಇಷ್ಟ ಇಲ್ಲ," ಎನ್ನುತ್ತ ಅವನು ವರದಿಯಲ್ಲಿ 'ಕೊಳ್ಳಬಹುದು' ಎಂದು ಬರೆದು ಸಹಿ ಹಾಕಿದ.

ಶಾಂಭವಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಸರೋಜ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದರು. "ಇನ್ನು ಈ ಕೋವಿ ತಂಟೆಗೇ ಬರಲ್ಲ ಕಣವ್ವ."

ಶಾಂಭವಿ ಜಗಲಿಯ ಹಳೇ ಕೋವಿಯಿಂದ ತೋಕ್ ಪೂವನ್ನು ಎಳೆದು ಆಕೆಯ ಕೈಗೆ ಕೊಟ್ಟಳು. ಬುಲ್‌ಪಪ್ಪನ್ನು ಮಡಿಲಲ್ಲಿಟ್ಟಳು. ಎಡಗೈಯನ್ನು ಎಷ್ಟು ಚಾಚಲಾಗುತ್ತದೋ ಅಷ್ಟು ಚಾಚಿ, ಭುಜಕ್ಕೊತ್ತುವ ಹಿಂಭಾಗವನ್ನು ತೋರಿಸಿದಳು.

"ಬನ್ನಿ ಸರೋಜಕ್ಕ. ಇವತ್ತಿಂದ ಇದು ನಮ್ಮೂರಿನದೇ. ಹೂ ಇಲ್ಲಿ ಕಟ್ಟಿ."