ನನಗ ಆಗಂಗಿಲ್ಲ

"ನನಗ ಆಗಂಗಿಲ್ಲ, ಸುಶೀಲಾ..."

ಅಷ್ಟೇ ಅಂದ ಉಳಿವೆಪ್ಪ, ಅಂಗಿ ತೊಟ್ಟು ಗದ್ದೆಗೆ ಹೋಗಿಬಿಟ್ಟ.

ಹೊಸ ಜೋಡಿಗೆ ಮನೆ ಬಿಟ್ಟುಕೊಡಲೆಂದೇ ಅತ್ತೆ ಯಂಕವ್ವ ಎಲ್ಲರನ್ನೂ ಕರೆದುಕೊಂಡು ಅಕ್ಕಿಆಲೂರು ಸಂತೆಗೆ ಹೋಗಿದ್ದಳು. ಗಂಡಹೆಂಡತಿ ಇಬ್ಬರೇ ಇದ್ದದ್ದು ಅದೇ ಮೊದಲು.

ಸುಶೀಲವ್ವ ಕೂತಲ್ಲೇ ಕೂತಳು. ಆಗಂಗಿಲ್ಲ ಅಂದರೇನು? ಅತ್ತೆಗೆ ನೆರೆಮನೆಯ ದುರಗವ್ವ ಆಗುವುದಿಲ್ಲ, ತನಗೆ ಬದನೆಕಾಯಿ ಆಗುವುದಿಲ್ಲ. ಹಾಗೇ ಇವರಿಗೆ ನಾನು...

ಆದರೆ ಮರುದಿನ ಅದೇ ಗಂಡ ಮಲ್ಲಿಗೆ ತಂದ! ಜ್ವರ ಬಂದಾಗ ತಾನೇ ಗಂಜಿ ಕಾಸಿ ಕುಡಿಸಿದ. ಕತ್ತಲಾದರೆ ಮಾತ್ರ ಗದ್ದೆ ಕಾಯುವ ನೆಪ. ಬೇಡವಾದವಳಿಗೆ ಯಾರಾದರೂ ಮಲ್ಲಿಗೆ ತರುತ್ತಾರೆಯೇ? ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟುಹೋಯಿತು. ಪಂಚಮಿಗೆ ಸವಣೂರಿನ ತವರಿಗೆ ಹೋದರೆ ಮತ್ತೆ ತಿಳವಳ್ಳಿಗೆ ಬರಬಾರದು ಅಂದುಕೊಂಡಳು.

ಅದು ೧೯೬೨ರ ಶ್ರಾವಣ. ಕಳಿಸಲು ಬಂದ ಗಂಡನ ಜೊತೆ ಶಿಗ್ಗಾಂವಿಯಲ್ಲಿ ಬಸ್ಸಿಗೆ ಕಾಯುವಾಗ ತಡೆಯಲಾರದೆ ಕೇಳಿಯೇಬಿಟ್ಟಳು.

"ನಾ ನಿಮಗ ಆಗಂಗಿಲ್ಲಂದ ಮ್ಯಾಲೆ, ಲಗ್ನ ಯಾಕ ಆದ್ರಿ?"

"ನೀ ಆಗಂಗಿಲ್ಲಂತ ಯಾರಂದ್ರು?"

"ನೀವ ಅಂದ್ರಿ. ಸಂತಿ ದಿನ."

ಉಳಿವೆಪ್ಪನ ಮುಖ ಬಿಳುಚಿತು. "ಅಯ್ಯೋ... ನನ್ನ ಕೈಲೆ ಆಗಂಗಿಲ್ಲ ಅಂದೆ. ಮೈ ನನ್ನ ಮಾತು ಕೇಳವಲ್ದು. ಸಂತ್ಯಾಗಿನ ತಾಕತ್ತಿನ ಪುಡಿನೂ ತಿಂದೆ, ಹೊಟ್ಟಿ ಕೆಟ್ಟದ್ದಷ್ಟ ಬಂತು. ನಿನ್ನ ಕಳಿಸಿ ಇಲ್ಲೇ ಖಲಂದರ ಡಾಕ್ಟರ ಹತ್ರ ಹೋಗಾಂವಿದ್ದೆ."

ಅವಳಿಗೆ ಅಳು ಬಂತು, ನಗುವೂ ಬಂತು. ಇಷ್ಟು ದಿನ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತಿದ್ದಾರೆ!

"ನಡೀರಿ. ನಾನೂ ಬರ್ತೇನಿ."

ಡಾಕ್ಟರು ನಾಡಿ ಹಿಡಿದರು, ರಕ್ತದೊತ್ತಡ ನೋಡಿದರು, ಮೂತ್ರ ಕಾಸಿ ಸಕ್ಕರೆಯಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಮುಂಜಾನೆ ಏಳೂವಾಗ ಗಟ್ಟಿ ಇರತೈತೇನು?"

ಉಳಿವೆಪ್ಪ ನೆಲ ನೋಡುತ್ತ ತಲೆಯಾಡಿಸಿದ. "ಹೌದ್ರಿ."

"ಹಂಗಾರ ಮೈಯಾಗ ಏನೂ ಕೆಟ್ಟಿಲ್ಲಪ್ಪ. ಮೊದಲ ದಿನ ಅಂಜಿದಿ, ಆಗಲಿಲ್ಲ. ಮತ್ತ ಆಗಂಗಿಲ್ಲೇನೋ ಅಂತ ಅಂಜಿಕಿ ಹಿಡೀತು. ಇದು ಬಾಳ ಮಂದಿಗೆ ಬರತೈತಿ, ಯಾರೂ ಹೇಳಂಗಿಲ್ಲ. ಪುಡಿಗಿಡಿ ಬಿಡು. ಪಥ್ಯ ಹೇಳತೇನಿ, ಇಬ್ರೂ ಮಾಡಬೇಕು."

"ಖಾರ ಬಿಡಬೇಕೇನ್ರಿ?" ಸುಶೀಲವ್ವ ಕೇಳಿದಳು.

ಡಾಕ್ಟರು ನಕ್ಕರು. "ಉಣ್ಣೂದರ ಪಥ್ಯ ಅಲ್ಲವ್ವ. ನಾ ಹೇಳೂ ತನಕ ಕೂಡಾಕ ಹೋಗಬ್ಯಾಡ್ರಿ. ಕೈ ಹಿಡ್ಕೋರಿ, ಮಾತಾಡ್ರಿ, ಒಂದ ಹಾಸಿಗ್ಯಾಗ ಮಲಗ್ರಿ. ಅಂಜಿಕಿ ಹೋದ್ರ ಮೈ ತಾನ ದಾರಿಗೆ ಬರತೈತಿ. ತಡ ಆದ್ರ ಮತ್ತ ಬರ್ರಿ, ನೋಡೂಣು."

ಹೊರಗೆ ಸವಣೂರು ಬಸ್ಸು ನಿಂತಿತ್ತು. ಉಳಿವೆಪ್ಪ ಅವಳ ಗಂಟು ಹಿಡಿದು ಬಸ್ಸಿನ ಬಾಗಿಲ ತನಕ ಬಂದ.

"ಪಂಚಮಿ ಮುಗದ ಮ್ಯಾಲೆ... ಕರಿಯಾಕ ಬರ್ಲಿ?"

"ಬ್ಯಾಡ್ರಿ."

ಅವನ ಮುಖ ಕಂದಿತು.

"ಈಗ ನನ್ನ ಸಂಗಾಟನ ಬರ್ರಿ," ಅಂದಳು ಮೆಲ್ಲಗೆ. "ಅಣ್ಣ ಜೋಕಾಲಿ ಕಟ್ಯಾನ. ಜೋಡಿಲೆ ಆಡೂಣು."

"ಎಲ್ಲಾರೂ ನೋಡತಾರ, ಸುಶೀಲಾ."

"ನೋಡ್ಲಿ. ಡಾಕ್ಟರು ಅದನ್ನ ಬ್ಯಾಡ ಅಂದಿಲ್ಲಲ್ಲ?"